ಯಥಾರ್ಹದಂಡವೂ ವಿಮಾನರಕ್ಷಣೆಯೂ

ದಂಡವಿಲ್ಲದ ರಾಜ್ಯದಲ್ಲಿ ದೊಡ್ಡ ಮೀನು ಸಣ್ಣ ಮೀನನ್ನು ನುಂಗುವ ಮಾತ್ಸ್ಯನ್ಯಾಯವು ತಲೆಯೆತ್ತುವುದೆಂಬುದು ದಂಡನೀತಿಯನ್ನು ಬಲ್ಲವರೆಲ್ಲರೂ ಒಪ್ಪಿದ ಮಾತು. ಆದರೆ ಆ ಶಾಸ್ತ್ರಕಾರರು ಅಷ್ಟಕ್ಕೇ ನಿಲ್ಲಲಿಲ್ಲ. ದಂಡವು ಅತಿಕ್ರೂರವಾದರೆ ಪ್ರಜೆಗಳು ಉದ್ವಿಗ್ನರಾಗುವರು, ಅತಿಮೃದುವಾದರೆ ರಾಜನನ್ನು ಅಲಕ್ಷಿಸುವರು, ಅಪರಾಧಕ್ಕೆ ತಕ್ಕುದಾದ ದಂಡವನ್ನು ವಿಧಿಸುವ ಅರಸನೇ ಪೂಜ್ಯನಾಗುವನು ಎಂಬುದು ಕೌಟಿಲ್ಯನ ಮತ. ಇದಕ್ಕೆ ಯಥಾರ್ಹದಂಡವೆಂದು ಹೆಸರು. ಎರಡು ಸಾವಿರ ವರ್ಷಗಳ ಹಿಂದಿನ ಈ ವಿವೇಕವು ಆಕಾಶದಲ್ಲಿ ವಿಮಾನಗಳು ಹಾರಾಡುವ ಈ ಕಾಲಕ್ಕೆ ಸಲ್ಲುವುದಿಲ್ಲವೆಂದು ಎಣಿಸುವವರು ಉಂಟು. ಭಯೋತ್ಪಾದಕರ ವಿಷಯದಲ್ಲಿ ತಾರತಮ್ಯವೇ ಕೂಡದು, ಕಾಯಿದೆಯು ಎಷ್ಟು ಉಗ್ರವಾದರೆ ಅಷ್ಟು ಮೇಲು, ಕಾಯಿದೆ ಉಗ್ರವಾದೊಡನೆ ವಿಮಾನಗಳು ಸುರಕ್ಷಿತವಾದವೆಂದೇ ತಿಳಿಯತಕ್ಕದ್ದು ಎಂಬುದು ಅವರ ವಾದ. ಈ ವಾದವು ಕೇಳುವುದಕ್ಕೆ ಶೌರ್ಯದಂತಿದೆ. ಆದರೆ ಅನುಭವಕ್ಕೆ ವಿರುದ್ಧವಾದುದು, ನ್ಯಾಯಕ್ಕೆ ಹಾನಿಕರವಾದುದು, ಕಡೆಗೆ ವಿಮಾನಪ್ರಯಾಣಿಕರಿಗೇ ಅಪಾಯಕರವಾದುದು ಎಂಬುದನ್ನು ಇಲ್ಲಿ ವಿಚಾರಿಸಬೇಕಾಗಿದೆ.

ಮೊದಲು ಒಪ್ಪಬೇಕಾದುದನ್ನು ಒಪ್ಪಿಬಿಡುವುದು ಯುಕ್ತ. ವಿಮಾನಾಪಹರಣವು ಸಾಮಾನ್ಯ ದರೋಡೆಯಂತಹುದಲ್ಲ. ದಾರಿಯಲ್ಲಿ ಕಳ್ಳರ ಕೈಗೆ ಸಿಕ್ಕಿದವನು ಓಡಬಹುದು, ಕೂಗಬಹುದು. ನೆಲದಿಂದ ಆರೇಳು ಮೈಲಿ ಎತ್ತರದಲ್ಲಿ ಲೋಹದ ಕೊಳವೆಯೊಂದರಲ್ಲಿ ಕುಳಿತಿರುವ ಹೆಂಗಸರು, ಮಕ್ಕಳು, ಮುದುಕರು ಎಲ್ಲಿಗೆ ಓಡಿಯಾರು? ಮೇಲಾಗಿ ಅಪಹರಣಕಾರನು ಹೆದರಿಸುವುದು ಆ ನೂರಿನ್ನೂರು ಜನರನ್ನು ಮಾತ್ರವಲ್ಲ. ಅವರನ್ನು ಒತ್ತೆಯಿಟ್ಟು ಒಂದು ರಾಷ್ಟ್ರದ ಕೈಯನ್ನೇ ಅವನು ಹಿಡಿದು ತಿರುಚುತ್ತಾನೆ. ಇಂತಹ ಪಾತಕಕ್ಕೆ ಕಠಿಣ ಶಿಕ್ಷೆಯಾಗಬೇಕೆಂಬುದರಲ್ಲಿ ಎರಡು ಮಾತಿಲ್ಲ. ವಿವಾದವಿರುವುದು ಬೇರೆಯೆಡೆಯಲ್ಲಿ. ಶಿಕ್ಷೆಯನ್ನು ಪುಸ್ತಕದಲ್ಲಿ ಬರೆದರೆ ಸಾಕೇ, ಅಥವಾ ಅದು ನಿಜವಾದ ಅಪರಾಧಿಗೆ ನಿಶ್ಚಯವಾಗಿ ತಗಲುವಂತೆ ಮಾಡಬೇಕೇ? ಕಾಯಿದೆಯನ್ನು ಮಾಡುವುದೇ ರಕ್ಷಣೆಯೇ, ಅಥವಾ ಬಾಗಿಲಲ್ಲಿ ನಿಂತವನು ಎಚ್ಚರವಾಗಿರುವುದು ರಕ್ಷಣೆಯೇ?

ಈ ದೇಶದ ಕಾಯಿದೆಗಳ ಚರಿತ್ರೆಯನ್ನೇ ನೋಡಬಹುದು. ವಿಮಾನಗಳಲ್ಲಿ ನಡೆಯುವ ಅಪರಾಧಗಳನ್ನು ಕುರಿತು ರಾಷ್ಟ್ರಗಳು ೧೯೬೩ರಲ್ಲಿ ಟೋಕಿಯೋ ನಗರದಲ್ಲಿಯೂ, ಅಪಹರಣವನ್ನು ಕುರಿತು ೧೯೭೦ರಲ್ಲಿ ಹೇಗ್ ನಗರದಲ್ಲಿಯೂ, ವಿಮಾನಗಳ ಧ್ವಂಸವನ್ನು ಕುರಿತು ೧೯೭೧ರಲ್ಲಿ ಮಾಂಟ್ರಿಯಲ್ ನಗರದಲ್ಲಿಯೂ ಒಡಂಬಡಿಕೆಗಳನ್ನು ಮಾಡಿಕೊಂಡವು. ೧೯೭೧ರ ಜನವರಿ ೩೦ರಂದು ಶ್ರೀನಗರದಿಂದ ಜಮ್ಮುವಿಗೆ ಹೊರಟಿದ್ದ ‘ಗಂಗಾ’ ಎಂಬ ವಿಮಾನವನ್ನು ಇಬ್ಬರು ಲಾಹೋರಿಗೆ ಒಯ್ದರು. ಪ್ರಯಾಣಿಕರು ಬಿಡುಗಡೆಯಾದರು, ವಿಮಾನವು ಅಲ್ಲಿ ಸುಟ್ಟು ಬೂದಿಯಾಯಿತು. ಅವರ ಕೈಯಲ್ಲಿದ್ದುದು ಆಟಿಕೆಯ ಪಿಸ್ತೂಲು, ಮರದ ಬಾಂಬು. ಇಷ್ಟಾದರೂ ಭಾರತವು ವಿಮಾನಾಪಹರಣ ವಿರೋಧಿ ಕಾಯಿದೆಯನ್ನು ಮಾಡಿದ್ದು ೧೯೮೨ರಲ್ಲಿ, ಅಂದರೆ ಹನ್ನೊಂದು ವರ್ಷಗಳ ತರುವಾಯ. ಕೋಟೆ ಸೂರೆಹೋದ ಮೇಲೆ ದಿಡ್ಡಿಬಾಗಿಲು ಹಾಕಿದರೆಂಬ ಗಾದೆಯುಂಟು. ಇಲ್ಲಿ ಬಾಗಿಲಿಗೆ ಮರ ತರುವುದಕ್ಕೇ ಹನ್ನೊಂದು ವರ್ಷ ಹಿಡಿಯಿತು.

ನಡುವೆ ನಡೆದ ಇನ್ನೊಂದು ಪ್ರಸಂಗವನ್ನು ಉಗ್ರದಂಡದ ಪಕ್ಷಪಾತಿಗಳು ಸಾಮಾನ್ಯವಾಗಿ ಎತ್ತುವುದಿಲ್ಲ. ೧೯೭೮ರ ಡಿಸೆಂಬರ್ ೨೦ರಂದು ಲಕ್ನೋದಿಂದ ದಿಲ್ಲಿಗೆ ಬರುತ್ತಿದ್ದ ವಿಮಾನವನ್ನು ಇಬ್ಬರು ತರುಣರು ವಾರಾಣಸಿಗೆ ತಿರುಗಿಸಿದರು. ಸೆರೆಯಲ್ಲಿದ್ದ ಇಂದಿರಾ ಗಾಂಧಿಯವರನ್ನು ಬಿಡಬೇಕೆಂಬುದು ಅವರ ಬೇಡಿಕೆ. ಅವರಲ್ಲಿದ್ದುದೂ ಆಟಿಕೆಯ ಆಯುಧಗಳೇ, ಜೊತೆಗೆ ಒಂದು ಕ್ರಿಕೆಟ್ ಚೆಂಡು. ಮುಂದೆ ಅಧಿಕಾರವು ಬದಲಾಯಿತು, ಮೊಕದ್ದಮೆಯನ್ನು ಹಿಂತೆಗೆದುಕೊಂಡರು. ೧೯೮೦ರಲ್ಲಿ ಅವರಿಬ್ಬರೂ ಕಾಂಗ್ರೆಸ್ ಪಕ್ಷದ ಉಮೇದುವಾರರಾಗಿ ಉತ್ತರ ಪ್ರದೇಶದ ಶಾಸನಸಭೆಗೆ ಆರಿಸಿಬಂದರು. ಅದೇ ಪಕ್ಷದ ಸರ್ಕಾರವು ೧೯೮೨ರಲ್ಲಿ ವಿಮಾನಾಪಹರಣಕ್ಕೆ ಆಜೀವ ಸೆರೆವಾಸವೆಂದು ಕಾಯಿದೆ ಮಾಡಿತು. ಒಂದು ಕೈ ದಂಡವನ್ನು ಎತ್ತುತ್ತಿರುವಾಗ ಇನ್ನೊಂದು ಕೈ ಹಾರವನ್ನು ಹಾಕುತ್ತಿದ್ದರೆ ಆ ದಂಡಕ್ಕೆ ಹೆದರುವವರು ಯಾರು? ಅಂದು ಕೊರತೆಯಾಗಿದ್ದುದು ಶಿಕ್ಷೆಯ ಉಗ್ರತೆಯಲ್ಲ, ದಂಡವು ಸ್ವಪಕ್ಷ ಪರಪಕ್ಷಗಳೆಂಬ ಭೇದವಿಲ್ಲದೆ ಬೀಳುವುದೆಂಬ ನಂಬಿಕೆ.

ಕಾಯಿದೆಯಾಯಿತು; ಅಪಹರಣಗಳು ನಿಂತವೇ? ೧೯೮೪ರ ಜುಲೈ ಮತ್ತು ಆಗಸ್ಟ್ ತಿಂಗಳುಗಳಲ್ಲಿ ಎರಡು ವಿಮಾನಗಳು ಪರದೇಶಕ್ಕೆ ಒಯ್ಯಲ್ಪಟ್ಟವು. ೧೯೯೩ನೆಯ ಒಂದೇ ವರ್ಷದಲ್ಲಿ ಹಲವು ಅಪಹರಣಗಳಾದವು. ೧೯೯೪ರಲ್ಲಿ ಕಾಯಿದೆಯನ್ನು ತಿದ್ದಿ, ಜಾಮೀನನ್ನು ದುರ್ಲಭಗೊಳಿಸಿ, ವಿಶೇಷ ನ್ಯಾಯಸ್ಥಾನಗಳನ್ನು ಏರ್ಪಡಿಸಿದರು. ಆದರೂ ೧೯೯೯ರಲ್ಲಿ ಕಾಂದಹಾರದ ದುರಂತವು ತಪ್ಪಲಿಲ್ಲ. ಸಾಯುವುದಕ್ಕೇ ಸಿದ್ಧನಾಗಿ ವಿಮಾನವನ್ನು ಹತ್ತಿದವನು ಶಿಕ್ಷೆಯ ಕಲಮನ್ನು ಓದಿ ಇಳಿದುಹೋಗುವನೆಂದು ನಂಬುವುದು ಬಾಲಭಾವ.

ಪರದೇಶದ ನಿದರ್ಶನವು ಇದಕ್ಕಿಂತಲೂ ಸ್ಪಷ್ಟವಾದುದು. ೧೯೮೫ರ ಜೂನ್ ೨೩ರಂದು ಕೆನಡಾದಿಂದ ಹೊರಟ ಏರ್ ಇಂಡಿಯಾದ ‘ಕನಿಷ್ಕ’ ವಿಮಾನವು ಐರ್ಲೆಂಡಿನ ಸಮೀಪದಲ್ಲಿ ಬಾಂಬಿನಿಂದ ಸಿಡಿದು ಸಮುದ್ರಕ್ಕೆ ಬಿದ್ದಿತು. ೩೨೯ ಜನರು ಮಡಿದರು. ಅದೇ ದಿನ ಜಪಾನಿನ ನರಿಟಾ ವಿಮಾನನಿಲ್ದಾಣದಲ್ಲಿ ಸಿಡಿದ ಇನ್ನೊಂದು ಪೆಟ್ಟಿಗೆಯು ಸಾಮಾನು ಹೊರುವ ಇಬ್ಬರನ್ನು ಕೊಂದಿತು. ವಿಮಾನಧ್ವಂಸವು ಮಹಾಪರಾಧವೆಂದು ಮಾಂಟ್ರಿಯಲ್ಲಿನಲ್ಲಿಯೇ, ಅಂದರೆ ಅದೇ ಕೆನಡಾ ದೇಶದ ನೆಲದಲ್ಲಿಯೇ, ಹದಿನಾಲ್ಕು ವರ್ಷಗಳ ಮೊದಲು ಒಡಂಬಡಿಕೆಯಾಗಿತ್ತು. ಕಾಯಿದೆಗೆ ಕೊರತೆಯಿರಲಿಲ್ಲ. ಹಾಗಾದರೆ ಕೊರತೆಯಿದ್ದುದು ಯಾವುದಕ್ಕೆ? ವ್ಯಾಂಕೂವರಿನಲ್ಲಿ ಒಬ್ಬನು ತನ್ನ ಪೆಟ್ಟಿಗೆಯನ್ನು ಒಪ್ಪಿಸಿ ತಾನು ವಿಮಾನವನ್ನು ಹತ್ತಲೇ ಇಲ್ಲ. ಪೆಟ್ಟಿಗೆ ಮಾತ್ರ ಪ್ರಯಾಣ ಮಾಡಿತು. ಪೆಟ್ಟಿಗೆಯ ಒಡೆಯನು ಒಳಗಿದ್ದಾನೆಯೇ ಎಂದು ನೋಡತಕ್ಕವರು ನೋಡಲಿಲ್ಲ. ಟೊರಾಂಟೋದಲ್ಲಿ ಸಾಮಾನುಗಳನ್ನು ಪರೀಕ್ಷಿಸುವ ಕ್ಷಕಿರಣ ಯಂತ್ರವು ಅಂದೇ ಕೆಟ್ಟುನಿಂತಿತು. ಸಂಶಯಿತರ ಮಾತುಗಳನ್ನು ಧ್ವನಿಮುದ್ರಿಸಿದ್ದ ಗುಪ್ತಚಾರ ಇಲಾಖೆಯು ಆ ಮುದ್ರಿಕೆಗಳನ್ನು ಅಳಿಸಿಬಿಟ್ಟಿತು. ೨೦೦೫ರಲ್ಲಿ ಇಬ್ಬರು ಆಪಾದಿತರು ಖುಲಾಸೆಯಾದರು. ಇಷ್ಟು ದೊಡ್ಡ ಹತ್ಯಾಕಾಂಡದಲ್ಲಿ ಶಿಕ್ಷೆಯಾದದ್ದು ಒಬ್ಬನೇ ಒಬ್ಬನಿಗೆ. ೨೦೧೦ರಲ್ಲಿ ವರದಿಯನ್ನೊಪ್ಪಿಸಿದ ವಿಚಾರಣಾ ಆಯೋಗವು ಒಂದರ ಮೇಲೊಂದು ನಡೆದ ತಪ್ಪುಗಳ ಸಾಲನ್ನೇ ಬಯಲಿಗಿಟ್ಟಿತು. ಮರಣದಂಡನೆಯ ಹತ್ತು ಕಲಮುಗಳು ಮಾಡಲಾರದ ಕೆಲಸವನ್ನು ಅಂದು ಒಬ್ಬ ಗುಮಾಸ್ತನ ಎಚ್ಚರವೂ ಒಂದು ಸರಿಯಾದ ಯಂತ್ರವೂ ಮಾಡಬಹುದಾಗಿತ್ತು.

ಇನ್ನು ಕಾಂದಹಾರ. ೧೯೯೯ರ ಡಿಸೆಂಬರ್ ೨೪ರಂದು ಕಾಠ್ಮಂಡುವಿನಿಂದ ದಿಲ್ಲಿಗೆ ಹೊರಟ ವಿಮಾನದಲ್ಲಿ ಸುಮಾರು ೧೯೦ ಜನರಿದ್ದರು. ಐವರು ಅದನ್ನು ವಶಪಡಿಸಿಕೊಂಡರು. ವಿಮಾನವು ಅಮೃತಸರದಲ್ಲಿ, ಸ್ವದೇಶದ ನೆಲದ ಮೇಲೆ, ಮುಕ್ಕಾಲು ಗಂಟೆಗೂ ಮೀರಿ ನಿಂತಿತ್ತು. ೧೯೮೨ರ ಕಾಯಿದೆಯೂ ೧೯೯೪ರ ತಿದ್ದುಪಡಿಯೂ ಆಗ ಜಾರಿಯಲ್ಲಿದ್ದವು. ಅವುಗಳಲ್ಲಿ ಯಾವುದೂ ವಿಮಾನದ ಗಾಲಿಯನ್ನು ಹಿಡಿದು ನಿಲ್ಲಿಸಲಿಲ್ಲ. ಆಜ್ಞೆ ಕೊಡತಕ್ಕವರು ಯಾರು, ಅದನ್ನು ನಡೆಸತಕ್ಕವರು ಯಾರು ಎಂಬ ಗೊಂದಲದಲ್ಲಿ ಹೊತ್ತು ಕಳೆಯಿತು. ಕಮಾಂಡೋಗಳು ಬರುವ ಮೊದಲೇ ವಿಮಾನವು ಹಾರಿಹೋಯಿತು. ಒಬ್ಬ ತರುಣ ಪ್ರಯಾಣಿಕನು ಕೊಲೆಯಾದನು. ಡಿಸೆಂಬರ್ ೩೧ರಂದು ಮೂವರು ಸೆರೆಯಾಳುಗಳನ್ನು ಬಿಟ್ಟುಕೊಟ್ಟು ಉಳಿದವರನ್ನು ಕರೆತರಬೇಕಾಯಿತು. ಬಿಡುಗಡೆಯಾದವರಲ್ಲಿ ಒಬ್ಬನು ಮರುವರ್ಷವೇ ಜೈಷ್-ಎ-ಮೊಹಮ್ಮದ್ ಎಂಬ ಸಂಸ್ಥೆಯನ್ನು ಕಟ್ಟಿದನು. ವಿಮಾನವನ್ನು ಅಪಹರಿಸಿದ ಆ ಐವರಲ್ಲಿ ಒಬ್ಬನೂ ಭಾರತದ ನ್ಯಾಯಸ್ಥಾನದ ಮುಂದೆ ನಿಲ್ಲಲಿಲ್ಲ. ಕಾಯಿದೆಯಲ್ಲಿ ಆಜೀವ ಸೆರೆವಾಸವಿತ್ತು; ಸೆರೆಯಲ್ಲಿರಿಸಲು ಆಳೇ ಇರಲಿಲ್ಲ.

ಕಾಂದಹಾರದ ತರುವಾಯ ಭಾರತದ ಯಾವ ಪ್ರಯಾಣಿಕ ವಿಮಾನವೂ ಹಾಗೆ ಪರದೇಶಕ್ಕೆ ಒಯ್ಯಲ್ಪಡಲಿಲ್ಲ. ಇದು ಯಾವುದರ ಫಲ? ೨೦೦೦ದ ಫೆಬ್ರವರಿಯಲ್ಲಿ ಜಯಪುರದಿಂದ ಮೊದಲುಗೊಂಡು ವಿಮಾನನಿಲ್ದಾಣಗಳ ಕಾವಲನ್ನು ಕೇಂದ್ರೀಯ ಕೈಗಾರಿಕಾ ರಕ್ಷಣಾದಳಕ್ಕೆ ಒಪ್ಪಿಸಿದರು. ೨೦೦೧ರ ಸೆಪ್ಟೆಂಬರಿನಲ್ಲಿ ಅಮೆರಿಕದಲ್ಲಾದ ಘೋರಕೃತ್ಯದ ನಂತರ ಜಗತ್ತಿನ ವಿಮಾನಗಳಲ್ಲೆಲ್ಲ ಚಾಲಕರ ಕೋಣೆಗೆ ಗುಂಡು ಭೇದಿಸಲಾರದ ಗಟ್ಟಿಬಾಗಿಲು ಬಂದಿತು. ಸಾಮಾನುಗಳ ಪರೀಕ್ಷೆ ಬಿಗಿಯಾಯಿತು, ಒಡೆಯನಿಲ್ಲದ ಪೆಟ್ಟಿಗೆಯನ್ನು ಇಳಿಸಿಬಿಡುವ ಪದ್ಧತಿ ನೆಲೆಗೊಂಡಿತು. ಹೊಸದಾಗಿ ಮರಣದಂಡನೆಯನ್ನು ವಿಧಿಸುವ ಕಾಯಿದೆಯು ಬಂದದ್ದಾದರೋ ೨೦೧೬ರಲ್ಲಿ. ಎಂದರೆ, ಹದಿನಾರು ವರ್ಷಗಳಿಗೂ ಮೀರಿದ ಕಾಲ ವಿಮಾನಗಳು ಸುರಕ್ಷಿತವಾಗಿದ್ದುದು ಹಳೆಯ, ಅಷ್ಟು ಉಗ್ರವಲ್ಲದ ಕಾಯಿದೆಯ ಕಾಲದಲ್ಲಿ. ಉಗ್ರದಂಡದ ಪಕ್ಷಪಾತಿಗಳು ಈ ಒಂದು ಸಂಗತಿಗೆ ಉತ್ತರ ಕೊಡಬೇಕು. ರೋಗವು ವಾಸಿಯಾಗಿ ಹದಿನಾರು ವರ್ಷಗಳಾದ ಮೇಲೆ ಕೊಟ್ಟ ಔಷಧಕ್ಕೆ ವಾಸಿಮಾಡಿದ ಕೀರ್ತಿಯನ್ನು ಹೊರಿಸುವ ವೈದ್ಯನನ್ನು ಯಾರೂ ಮನೆಗೆ ಕರೆಯುವುದಿಲ್ಲ.

೨೦೧೬ರ ಕಾಯಿದೆಯು ಏಕೆ ಹುಟ್ಟಿತೆಂಬುದು ನ್ಯಾಯವಾಗಿ ಹೇಳಬೇಕಾದ ಮಾತು. ೨೦೧೦ರಲ್ಲಿ ಬೀಜಿಂಗಿನಲ್ಲಿ ಹೇಗ್ ಒಡಂಬಡಿಕೆಯನ್ನು ವಿಸ್ತರಿಸಿದ್ದರು. ಅದಕ್ಕೆ ಅನುಗುಣವಾಗಿ ಸ್ವದೇಶದ ಕಾಯಿದೆಯನ್ನು ತಿದ್ದಬೇಕಾಗಿತ್ತು. ಅಪಹರಣಕ್ಕೆ ಇಂದು ಯಂತ್ರತಂತ್ರಗಳ ದಾರಿಗಳೂ ಇರುವುದರಿಂದ ವ್ಯಾಖ್ಯೆಯನ್ನು ಹಿಗ್ಗಿಸಿದ್ದು ತಪ್ಪಲ್ಲ. ತಪ್ಪಿರುವುದು ತಾರತಮ್ಯವನ್ನು ಅಳಿಸಿದುದರಲ್ಲಿ. ವಿಮಾನವನ್ನು ವಶಪಡಿಸಿಕೊಂಡವನೂ ಅಪಹರಣಕಾರನೇ. ವಶಪಡಿಸಿಕೊಳ್ಳುವೆನೆಂದು ನಂಬುವಂತೆ ಬೆದರಿಸಿದವನೂ ಅಪಹರಣಕಾರನೇ. ಯಾರಾದರೂ ಸತ್ತರೆ ಮರಣದಂಡನೆ. ಇಲ್ಲವಾದರೆ ಉಸಿರಿರುವ ತನಕ ಸೆರೆವಾಸ, ಜುಲ್ಮಾನೆ, ಆಸ್ತಿಯ ಮುಟ್ಟುಗೋಲು. ಇದಕ್ಕೆ ಕೆಳಗಿನ ಮೆಟ್ಟಿಲೇ ಇಲ್ಲ. ಐದು ವರ್ಷವನ್ನೋ ಹತ್ತು ವರ್ಷವನ್ನೋ ವಿಧಿಸುವ ವಿವೇಕವನ್ನು ನ್ಯಾಯಾಧೀಶನ ಕೈಯಿಂದ ಕಿತ್ತುಕೊಂಡರು. ಹೇಗ್ ಒಡಂಬಡಿಕೆಯು ಕೇಳಿದ್ದು ಕಠಿಣ ಶಿಕ್ಷೆಯನ್ನು. ಎಲ್ಲರಿಗೂ ಒಂದೇ ಶಿಕ್ಷೆಯನ್ನಲ್ಲ.

ಇದರ ಫಲವು ಬಹುಬೇಗ ಕಂಡಿತು. ೨೦೧೭ರ ಅಕ್ಟೋಬರ್ ೩೦ರಂದು ಮುಂಬಯಿಯಿಂದ ದಿಲ್ಲಿಗೆ ಹೊರಟ ವಿಮಾನವೊಂದರ ಶೌಚಗೃಹದಲ್ಲಿ ಬೆದರಿಕೆಯ ಚೀಟಿಯೊಂದು ಸಿಕ್ಕಿತು. ವಿಮಾನವನ್ನು ಅಹಮದಾಬಾದಿನಲ್ಲಿ ಇಳಿಸಿದರು. ಆಯುಧವಿಲ್ಲ, ಬಾಂಬಿಲ್ಲ, ಯಾರ ಮೈಗೂ ಗೀರಿಲ್ಲ. ಪ್ರಯಾಣಿಕನಾಗಿದ್ದ ಒಬ್ಬ ವ್ಯಾಪಾರಿಯನ್ನು ಹಿಡಿದರು. ೨೦೧೯ರ ಜೂನಿನಲ್ಲಿ ವಿಶೇಷ ನ್ಯಾಯಸ್ಥಾನವು ಅವನಿಗೆ ಬದುಕಿರುವವರೆಗೆ ಸೆರೆವಾಸವನ್ನೂ ಐದು ಕೋಟಿ ರೂಪಾಯಿಗಳ ಜುಲ್ಮಾನೆಯನ್ನೂ ವಿಧಿಸಿತು. ೨೦೧೬ರ ಕಾಯಿದೆಯಂತೆ ಶಿಕ್ಷೆಗೆ ಗುರಿಯಾದ ಮೊದಲನೆಯ ಮನುಷ್ಯನು ಅವನೇ. ೨೦೨೩ರ ಆಗಸ್ಟಿನಲ್ಲಿ ಗುಜರಾತಿನ ಹೈಕೋರ್ಟು, ಸಂಶಯವು ಸಾಕ್ಷ್ಯವಲ್ಲವೆಂದು ಅವನನ್ನು ಖುಲಾಸೆ ಮಾಡಿತು. ಕಾಂದಹಾರದ ಐವರಿಗಾಗಿ ಹದಮಾಡಿದ ಖಡ್ಗವು ಮೊದಲು ಬಿದ್ದುದು ಯಾರ ಮೇಲೆಂಬುದನ್ನು ವಾಚಕರೇ ನೋಡಬಹುದು. ಚೀಟಿಯನ್ನು ಬರೆದವನು ಯಾರೇ ಆಗಿರಲಿ, ಅವನ ಕೃತ್ಯವು ದಂಡಾರ್ಹವೇ. ಆದರೆ ಗುಬ್ಬಿಯ ಮೇಲೆ ಬ್ರಹ್ಮಾಸ್ತ್ರವನ್ನು ಬಿಡುವುದು ಧನುರ್ವಿದ್ಯೆಯೂ ಅಲ್ಲ, ನೀತಿಯೂ ಅಲ್ಲ. ಮತ್ತೊಂದು ಸೂಕ್ಷ್ಮವೂ ಇದೆ. ಚೀಟಿ ಬರೆದವನಿಗೂ ವಿಮಾನ ಹಿಡಿದವನಿಗೂ ಒಂದೇ ಶಿಕ್ಷೆಯಾದರೆ, ಕೆಡುಕಿನ ಮೊದಲ ಮೆಟ್ಟಿಲನ್ನು ಹತ್ತಿದವನಿಗೆ ಅಲ್ಲಿಯೇ ನಿಲ್ಲುವುದಕ್ಕೆ ಕಾರಣವೇನು ಉಳಿಯಿತು?

ಇಲ್ಲಿ ಪ್ರತಿವಾದಿಯು ಮಂಗಳೂರಿನ ಪ್ರಸಂಗವನ್ನು ಮುಂದಿಡಬಹುದು. ೨೦೨೦ರ ಜನವರಿ ೨೦ರಂದು ಮಂಗಳೂರಿನ ವಿಮಾನನಿಲ್ದಾಣದಲ್ಲಿ ಒಬ್ಬನು ಸ್ಫೋಟಕವಿದ್ದ ಚೀಲವನ್ನು ಇಟ್ಟುಹೋದನು. ಅವನು ೨೦೧೮ರಲ್ಲಿ ಬೆಂಗಳೂರಿನ ವಿಮಾನನಿಲ್ದಾಣಕ್ಕೆ ಹುಸಿ ಬೆದರಿಕೆಯ ಕರೆಗಳನ್ನು ಮಾಡಿ ಸೆರೆಮನೆಯನ್ನು ಕಂಡುಬಂದವನೇ. ಹುಸಿ ಕರೆ ಮಾಡಿದಾಗಲೇ ಆಜೀವ ಸೆರೆವಾಸವಾಗಿದ್ದರೆ ಚೀಲವನ್ನು ಇಡುತ್ತಿದ್ದನೇ ಎಂದು ಕೇಳುವವರುಂಟು. ಪ್ರಶ್ನೆಯು ಅಲಕ್ಷಿಸತಕ್ಕದ್ದಲ್ಲ. ಆದರೆ ಆ ತರ್ಕವನ್ನು ಒಪ್ಪಿದರೆ ಜೇಬುಗಳ್ಳನನ್ನೆಲ್ಲ, ಮುಂದೆ ದರೋಡೆ ಮಾಡಿಯಾನೆಂದು, ಜನ್ಮಪೂರ್ತಿ ಸೆರೆಯಲ್ಲಿಡಬೇಕಾಗುತ್ತದೆ. ಮಂಗಳೂರಿನಲ್ಲಿ ಅಂದು ಜನರನ್ನು ಉಳಿಸಿದ್ದು ಯಾವುದೆಂಬುದನ್ನು ನೋಡಬೇಕು. ವಾರಸುದಾರರಿಲ್ಲದ ಚೀಲದ ಮೇಲೆ ಕಾವಲಿನವರ ಕಣ್ಣು ಬಿದ್ದಿತು. ಅದನ್ನು ಕೆಂಜಾರಿನ ಬಯಲಿಗೆ ಒಯ್ದು ನಾಶಪಡಿಸಿದರು. ಎರಡು ದಿನಗಳಲ್ಲಿ ಆಪಾದಿತನು ಬೆಂಗಳೂರಿನಲ್ಲಿ ಪೋಲೀಸರಿಗೆ ಶರಣಾದನು. ೨೦೨೨ರ ಮಾರ್ಚಿನಲ್ಲಿ ಮಂಗಳೂರಿನ ನ್ಯಾಯಸ್ಥಾನವು ಅವನಿಗೆ ಇಪ್ಪತ್ತು ವರ್ಷಗಳ ಸಜೆಯನ್ನು ವಿಧಿಸಿತು. ಹೂಡಿದ್ದ ಆಪಾದನೆಗಳಲ್ಲಿ ೧೯೦೮ರಷ್ಟು ಹಿಂದಿನ ಸ್ಫೋಟಕವಸ್ತುಗಳ ಕಾಯಿದೆಯದೂ ಒಂದು. ಕಣ್ಣು ಎಚ್ಚರವಾಗಿತ್ತು, ಸಾಕ್ಷ್ಯ ಗಟ್ಟಿಯಾಗಿತ್ತು, ವಿಚಾರಣೆಯು ಎರಡು ವರ್ಷಗಳ ಆಸುಪಾಸಿನಲ್ಲಿ ಮುಗಿಯಿತು, ಶಿಕ್ಷೆಯು ಕೃತ್ಯಕ್ಕೆ ತಕ್ಕಂತಿತ್ತು. ಪ್ರತಿವಾದಿಯು ತಂದ ನಿದರ್ಶನವೇ ಯಥಾರ್ಹದಂಡಕ್ಕೆ ಸಾಕ್ಷಿಯಾಗಿ ನಿಲ್ಲುತ್ತದೆ.

ವಿಮಾನಗಳ ಕಾಯಿದೆಯು ಭಯೋತ್ಪಾದನೆಯನ್ನು ಕುರಿತ ಕಾಯಿದೆಗಳ ದೊಡ್ಡ ಕುಟುಂಬದಲ್ಲಿ ಒಂದು ಕೂಸು ಮಾತ್ರ. ೧೯೮೫ರ ಟಾಡಾ, ೨೦೦೨ರ ಪೋಟಾ, ೧೯೬೭ರಲ್ಲಿ ಹುಟ್ಟಿ ೨೦೦೪, ೨೦೦೮, ೨೦೧೯ರಲ್ಲಿ ಹಲ್ಲು ಹರಿತಗೊಳಿಸಿಕೊಂಡ ಕಾನೂನುಬಾಹಿರ ಚಟುವಟಿಕೆಗಳ ಕಾಯಿದೆ: ಇವೆಲ್ಲವೂ ಒಂದೇ ವಂಶದವು. ಟಾಡಾ ಜಾರಿಗೆ ಬಂದದ್ದು ೧೯೮೫ರ ಮೇ ತಿಂಗಳಲ್ಲಿ. ಅದಾದ ಒಂದೇ ತಿಂಗಳಿಗೆ ಕನಿಷ್ಕವು ಸಿಡಿಯಿತೆಂಬುದು, ಒಂದು ದೇಶದ ಕಾಯಿದೆಯ ಬೇಲಿಯು ಇನ್ನೊಂದು ದೇಶದ ಹೊಲವನ್ನು ಕಾಯಲಾರದೆಂಬುದಕ್ಕೆ ನಿದರ್ಶನ. ಆದರೂ ಟಾಡಾ, ಪೋಟಾಗಳಿಗೆ ಒಂದು ಗುಣವಿತ್ತು. ಟಾಡಾದ ಆಯುಸ್ಸು ಎರಡೆರಡು ವರ್ಷ, ಪೋಟಾದ ಆಯುಸ್ಸು ಮೂರು ವರ್ಷ. ಅವಧಿ ತೀರಿದಾಗ ಪಾರ್ಲಿಮೆಂಟಿನ ಮುಂದೆ ಬಂದು ನಿಲ್ಲಬೇಕಾಗಿತ್ತು. ಹಾಗೆ ನಿಂತುದರಿಂದಲೇ ಟಾಡಾ ೧೯೯೫ರಲ್ಲಿ ತೀರಿಹೋಯಿತು; ಪೋಟಾವನ್ನು ೨೦೦೪ರಲ್ಲಿ, ಅವಧಿ ಮುಗಿಯುವ ಮೊದಲೇ, ರದ್ದುಮಾಡಿದರು. ಅವುಗಳ ಕಠಿಣ ಅಂಶಗಳು ನಿತ್ಯದ ಕಾಯಿದೆಯಲ್ಲಿ ಸೇರಿಕೊಂಡ ಮೇಲೆ ಅವಧಿಯೂ ಇಲ್ಲ, ಮರುಪರೀಕ್ಷೆಯೂ ಇಲ್ಲ. ೨೦೦೮ರ ನವೆಂಬರಿನ ಮುಂಬಯಿ ದಾಳಿಯ ಶೋಕದಲ್ಲಿ ಕೆಲವೇ ವಾರಗಳಲ್ಲಿ ಮಾಡಿದ ತಿದ್ದುಪಡಿಯಿಂದ, ಆಪಾದನೆಯು ಮೇಲ್ನೋಟಕ್ಕೆ ನಿಜವೆಂದು ತೋರಿದರೆ ಜಾಮೀನಿಲ್ಲ. ಆರು ತಿಂಗಳವರೆಗೂ ಆಪಾದನಾಪತ್ರವಿಲ್ಲದೆ ಸೆರೆಯಲ್ಲಿಡಬಹುದು. ವಿಚಾರಣೆಯು ಬೇಗ ಮುಗಿಯುವ ಭರವಸೆಯಿಲ್ಲದಿರುವಾಗ ಇಂತಹ ನಿರ್ಬಂಧವು ಜಾಮೀನಿಗೆ ಅಡ್ಡಿಯಾಗಲಾರದೆಂದು ೨೦೨೧ರಲ್ಲಿ ಸುಪ್ರೀಂ ಕೋರ್ಟು ಹೇಳಬೇಕಾಯಿತು.

ಕನ್ನಡನಾಡಿನ ಜನರು ಇಂತಹ ಕಾಯಿದೆಯ ಎರಡು ಮುಖಗಳನ್ನೂ ಮೈಸೂರಿನಲ್ಲಿಯೇ ಕಂಡಿದ್ದಾರೆ. ೧೯೯೩ರ ಏಪ್ರಿಲಿನಲ್ಲಿ ಪಾಲಾರಿನ ಬಳಿ ವೀರಪ್ಪನ್ ಗುಂಪು ಹೂತಿದ್ದ ನೆಲಬಾಂಬು ಸಿಡಿದು ೨೨ ಜನರು ಸತ್ತರು. ಕಾಡಂಚಿನ ಹಳ್ಳಿಗಳಿಂದ ನೂರಕ್ಕೂ ಹೆಚ್ಚು ಜನರನ್ನು ಟಾಡಾದ ಆಪಾದನೆಗೆ ಗುರಿಮಾಡಿದರು. ೨೦೦೦ದ ಜುಲೈ ೩೦ರಂದು ಗಾಜನೂರಿನಿಂದ ಡಾ. ರಾಜ್‌ಕುಮಾರ್ ಅವರ ಅಪಹರಣವಾದಾಗ, ಅದೇ ಸರ್ಕಾರವು ಅದೇ ಆಪಾದಿತರ ಮೇಲಿನ ಟಾಡಾ ಆಪಾದನೆಗಳನ್ನು ಹಿಂತೆಗೆಯಲು ಹೊರಟಿತು. ಕರ್ತವ್ಯದಲ್ಲಿ ಹತನಾಗಿದ್ದ ಪೋಲೀಸ್ ಅಧಿಕಾರಿಯೊಬ್ಬನ ವೃದ್ಧ ತಂದೆಯು ಸುಪ್ರೀಂ ಕೋರ್ಟಿನ ಬಾಗಿಲನ್ನು ತಟ್ಟಿದನು. ನವೆಂಬರ್ ೭ರಂದು ಕೋರ್ಟು ಆ ಹಿಂತೆಗೆತವನ್ನು ತಡೆಯಿತು. ೨೦೦೧ರಲ್ಲಿ ಮೈಸೂರಿನ ವಿಶೇಷ ನ್ಯಾಯಸ್ಥಾನವು ತೀರ್ಪು ಕೊಟ್ಟಾಗ ಬೆರಳೆಣಿಕೆಯ ಜನರಿಗೆ ಶಿಕ್ಷೆಯಾಯಿತು. ನೂರಕ್ಕೂ ಹೆಚ್ಚು ಜನರು ಖುಲಾಸೆಯಾದರು. ಅವರಲ್ಲಿ ಅನೇಕರು ವರ್ಷಗಟ್ಟಲೆ ಸೆರೆಯಲ್ಲಿ ಕಳೆದವರು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದಂತಾಯಿತು. ದುರ್ಬಲರ ಮೇಲೆ ವಜ್ರದಂತೆ ಬೀಳುವ ಕಾಯಿದೆ, ಬಲಿಷ್ಠನಾದ ಅಪಹರಣಕಾರನು ಕಣ್ಣು ಕೆಂಪಗೆ ಮಾಡಿದೊಡನೆ ಬೆಣ್ಣೆಯಂತೆ ಕರಗಹೊರಟಿತು. ಕಾಂದಹಾರದಲ್ಲಿ ದಿಲ್ಲಿಗೆ ಒದಗಿದ ಕಷ್ಟವೇ ಎಂಟು ತಿಂಗಳೊಳಗೆ ಬೆಂಗಳೂರಿಗೂ ಒದಗಿತು. ಕಾಯಿದೆಯ ಉಗ್ರತೆಯು ಎರಡು ಸರ್ಕಾರಗಳಿಗೂ ಧೈರ್ಯವನ್ನು ಕೊಡಲಿಲ್ಲ.

ದೇಶವೇ ಅಪಾಯದಲ್ಲಿರುವಾಗ ವ್ಯಕ್ತಿಯ ಹಕ್ಕುಗಳನ್ನು ತೂಗುತ್ತ ಕುಳಿತುಕೊಳ್ಳಬಹುದೇ ಎಂಬುದು ಕಡೆಯ ಆಕ್ಷೇಪ. ಇದಕ್ಕೆ ಜರ್ಮನಿಯ ಉತ್ತರವೊಂದಿದೆ. ಅಪಹೃತವಾದ ವಿಮಾನವನ್ನು ಪ್ರಯಾಣಿಕರ ಸಮೇತ ಹೊಡೆದುರುಳಿಸಲು ಸೈನ್ಯಕ್ಕೆ ಅಧಿಕಾರ ಕೊಡುವ ಕಾಯಿದೆಯನ್ನು ಆ ದೇಶವು ೨೦೦೫ರಲ್ಲಿ ಮಾಡಿತು. ನಿರಪರಾಧಿಗಳ ಪ್ರಾಣವನ್ನು ಪ್ರಭುತ್ವವು ಕೇವಲ ಸಾಧನವಸ್ತುವಾಗಿ ಎಣಿಸುವುದು ಮಾನವನ ಘನತೆಗೆ ವಿರುದ್ಧವೆಂದು ಅಲ್ಲಿಯ ಸಂವಿಧಾನ ನ್ಯಾಯಸ್ಥಾನವು ೨೦೦೬ರ ಫೆಬ್ರವರಿ ೧೫ರಂದು ಅದನ್ನು ತಳ್ಳಿಹಾಕಿತು. ಭಾರತವೂ ಅದೇ ೨೦೦೫ರಲ್ಲಿ ಅಂತಹುದೇ ಅಧಿಕಾರವನ್ನು ಕೈಗೆತ್ತಿಕೊಂಡಿತು. ಆದರೆ ಪಾರ್ಲಿಮೆಂಟಿನ ಕಾಯಿದೆಯಾಗಿ ಅಲ್ಲ, ಮಂತ್ರಿಮಂಡಲದ ನೀತಿಯಾಗಿ. ಇಂತಹ ಅಧಿಕಾರವು ಬೇಕೇ ಬೇಡವೇ ಎಂಬುದರಲ್ಲಿ ವಿವೇಕಿಗಳಲ್ಲಿ ಭಿನ್ನಾಭಿಪ್ರಾಯವಿರಬಹುದು. ಆದರೆ ಪ್ರಜೆಗಳ ಪ್ರಾಣವನ್ನು ತೆಗೆಯುವ ನಿರ್ಣಯವು ಪ್ರಜಾಪ್ರತಿನಿಧಿಗಳ ಸಭೆಯಲ್ಲಿ ಚರ್ಚೆಯಾಗಿ, ನ್ಯಾಯಸ್ಥಾನದ ತಕ್ಕಡಿಯಲ್ಲಿ ತೂಗಿ ಬರಬೇಕೆಂಬುದರಲ್ಲಿ ಭಿನ್ನಾಭಿಪ್ರಾಯಕ್ಕೆ ಎಡೆಯಿಲ್ಲ. ಪ್ರಶ್ನೆ ಕೇಳುವವನನ್ನು ದೇಶದ್ರೋಹಿಯೆಂದು ಬೈಯುವುದು ಉತ್ತರವಲ್ಲ, ಉತ್ತರವಿಲ್ಲದವನ ಆಶ್ರಯ.

ತಾರತಮ್ಯವನ್ನು ಅನುಸರಿಸುವುದು ಸರ್ಕಾರಕ್ಕೆ ಅಸಾಧ್ಯವೇನೂ ಅಲ್ಲ. ೨೦೨೪ರ ಅಕ್ಟೋಬರಿನಲ್ಲಿ ವಿಮಾನಗಳಿಗೆ ನೂರಾರು ಹುಸಿ ಬಾಂಬಿನ ಬೆದರಿಕೆಗಳು ಬಂದು ಪ್ರಯಾಣಿಕರು ಬಳಲಿದರು. ಆ ವರ್ಷದ ಡಿಸೆಂಬರಿನಲ್ಲಿ ವಿಮಾನರಕ್ಷಣೆಯ ನಿಯಮಗಳನ್ನು ತಿದ್ದಿ ಹುಸಿ ಸುದ್ದಿಗೆ ಪ್ರತ್ಯೇಕವಾದ ದಂಡವನ್ನು ಏರ್ಪಡಿಸಿದರು. ಇದು ಸರಿಯಾದ ದಾರಿ. ಹುಸಿಗೆ ಹುಸಿಯ ದಂಡ, ಹಿಂಸೆಗೆ ಹಿಂಸೆಯ ದಂಡ. ಈ ವಿವೇಕವು ನಿಯಮಗಳಲ್ಲಿ ಕಂಡಂತೆ ೨೦೧೬ರ ಕಾಯಿದೆಯಲ್ಲಿಯೂ ಕಾಣಿಸಬೇಕಾದುದು ಅವಶ್ಯ.

ಹಾಗಾದರೆ ಮಾಡತಕ್ಕದ್ದೇನು? ವಿಮಾನವನ್ನು ವಶಪಡಿಸಿಕೊಂಡವನಿಗೂ ಬರಿಯ ಬೆದರಿಕೆಯನ್ನು ಕಳುಹಿಸಿದವನಿಗೂ ಕಾಯಿದೆಯಲ್ಲಿ ಬೇರೆ ಬೇರೆ ಮೆಟ್ಟಿಲುಗಳಿರಬೇಕು. ಆ ಮೆಟ್ಟಿಲನ್ನು ನಿರ್ಣಯಿಸುವ ವಿವೇಕವು ನ್ಯಾಯಾಧೀಶನಿಗೆ ಹಿಂದಿರುಗಬೇಕು. ಜಾಮೀನನ್ನು ಬಿಗಿಗೊಳಿಸುವ ಸರ್ಕಾರವು ವಿಚಾರಣೆಯ ಅವಧಿಯನ್ನೂ ಅಷ್ಟೇ ಬಿಗಿಗೊಳಿಸಬೇಕು. ವರ್ಷಗಟ್ಟಲೆ ಸೆರೆಯಲ್ಲಿದ್ದು ನಿರ್ದೋಷಿಯೆಂದು ಹೊರಬಂದವನಿಗೆ ಪರಿಹಾರವನ್ನು ಕೊಡುವುದು ಅದರ ಋಣವೆಂದು ಕಾಯಿದೆಯಲ್ಲಿಯೇ ಬರೆಯಬೇಕು. ಇಂತಹ ಕಾಯಿದೆಗಳು ನಿಯತಕಾಲಕ್ಕೊಮ್ಮೆ ಪಾರ್ಲಿಮೆಂಟಿನ ಮುಂದೆ ಬಂದು ತಮ್ಮ ಲೆಕ್ಕವನ್ನು ಒಪ್ಪಿಸಬೇಕು: ಎಷ್ಟು ಜನರನ್ನು ಹಿಡಿದರು, ಎಷ್ಟು ಜನರಿಗೆ ಶಿಕ್ಷೆಯಾಯಿತು, ಎಷ್ಟು ಜನರು ನಿರ್ದೋಷಿಗಳೆಂದು ಮನೆಗೆ ಹೋದರು. ಎಲ್ಲಕ್ಕೂ ಮಿಗಿಲಾಗಿ, ವಿಮಾನರಕ್ಷಣೆಯಲ್ಲಿ ಲೋಪವಾದಾಗ ಅಪರಾಧಿಯ ಶಿಕ್ಷೆಯನ್ನು ಮಾತ್ರ ಹೆಚ್ಚಿಸುತ್ತ ಹೋಗದೆ, ಕರ್ತವ್ಯವನ್ನು ಬಿಟ್ಟವನು ಯಾರೆಂಬುದನ್ನೂ ವಿಚಾರಿಸಿ ಬಹಿರಂಗಪಡಿಸಬೇಕು. ಕೆನಡಾ ದೇಶವು ಇಪ್ಪತ್ತೈದು ವರ್ಷಗಳಾದ ಮೇಲಾದರೂ ತನ್ನ ಇಲಾಖೆಗಳ ತಪ್ಪನ್ನು ತಾನೇ ಬರೆದು ಪ್ರಕಟಿಸಿತು. ಅಮೃತಸರದ ಮುಕ್ಕಾಲು ಗಂಟೆಗೆ ಹೊಣೆ ಯಾರೆಂಬುದಕ್ಕೆ ಭಾರತದಲ್ಲಿ ಅಂತಹ ಬಹಿರಂಗ ಆಯೋಗವು ಕೂಡಲೇ ಇಲ್ಲ.

ಕಾಯಿದೆಯನ್ನು ಬರೆಯುವುದಕ್ಕೆ ಒಂದು ದಿನದ ಸಭೆ ಸಾಕು, ಕೈಚಪ್ಪಾಳೆಯೂ ಸಿಕ್ಕುತ್ತದೆ. ಬಾಗಿಲನ್ನು ಕಾಯುವುದಕ್ಕೆ ವರ್ಷದ ಮುನ್ನೂರ ಅರುವತ್ತೈದು ದಿನಗಳ ನಿದ್ದೆಗೆಡಬೇಕು, ಅದಕ್ಕೆ ಚಪ್ಪಾಳೆಯಿಲ್ಲ. ಆದುದರಿಂದಲೇ ಆಳುವವರಿಗೆ ಮೊದಲನೆಯದರ ಮೇಲೆ ಮೋಹ ಹೆಚ್ಚು. ಪ್ರಜೆಗಳಾದವರು ಆ ಮೋಹಕ್ಕೆ ಪಾಲುದಾರರಾಗಬಾರದು. ಮುಂದೆ ಯಾವುದಾದರೂ ಅನಾಹುತವಾದ ಮರುದಿನ ಹೊಸ ಉಗ್ರ ಕಾಯಿದೆಯ ಘೋಷಣೆಯಾದಾಗ, ತಿಳಿದವರು ಕೇಳಬೇಕಾದ ಮೊದಲ ಪ್ರಶ್ನೆ ಇದು: ಹಳೆಯ ಕಾಯಿದೆಯನ್ನು ನಡೆಸತಕ್ಕವರು ನಿನ್ನೆ ಎಲ್ಲಿದ್ದರು? ಆ ಪ್ರಶ್ನೆಗೆ ಉತ್ತರ ಬರುವ ತನಕ ಹೊಸ ದಂಡಕ್ಕೆ ಕೈಯೆತ್ತದಿರುವುದೇ ಪ್ರಜೆಯ ವಿವೇಕ. ಅದರಲ್ಲಿಯೇ ವಿಮಾನದಲ್ಲಿ ಕುಳಿತವನ ಕ್ಷೇಮವೂ ನೆಲದ ಮೇಲೆ ನಡೆಯುವವನ ಸ್ವಾತಂತ್ರ್ಯವೂ ಅಡಗಿವೆ.